ಘಾಟಿ ಏರುವ ಲಾರಿ ಮತ್ತು ಮರೆತುಹೋದ ಮಸಿಶೋಧಕ

ಶಿರಾಡಿ ಘಾಟಿಯ ರಸ್ತೆ ಅಗಲವಾಗಬೇಕೆ, ಸುರಂಗ ಕೊರೆಯಬೇಕೆ, ಮಳೆಗಾಲದಲ್ಲಿ ಭಾರೀ ವಾಹನಗಳನ್ನು ತಡೆಯಬೇಕೆ ಎಂಬ ಚರ್ಚೆಗಳು ಮಲೆನಾಡಿನ ಪರಿಸರ ವಲಯದಲ್ಲಿ ವರ್ಷಗಳಿಂದ ನಡೆದುಬಂದಿವೆ. ಮನವಿಪತ್ರಗಳೂ ಧರಣಿಗಳೂ ಬಹುಮಟ್ಟಿಗೆ ಈ ಮೂರು ಪ್ರಶ್ನೆಗಳ ಸುತ್ತಲೇ ತಿರುಗಿವೆ. ಆದರೆ ಅದೇ ರಸ್ತೆಯ ಮೇಲೆ ಹಗಲಿರುಳೆನ್ನದೆ ಏರಿಳಿಯುವ ಲಾರಿಯ ಹೊಗೆಕೊಳವೆಯೊಳಗೆ ಏನಿದೆ, ಏನಿರಬೇಕಿತ್ತು, ಇದ್ದದ್ದು ಎಲ್ಲಿ ಹೋಯಿತು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಅದು ಮೆಕ್ಯಾನಿಕನ ವಿಷಯ, ಗ್ಯಾರೇಜಿನ ವಿಷಯ, ಹೆಚ್ಚೆಂದರೆ ಆರ್‌ಟಿಓ ಕಚೇರಿಯ ವಿಷಯವೆಂಬ ಭಾವನೆ ಬೇರೂರಿದೆ. ಈ ಉದಾಸೀನಕ್ಕೆ ಘಟ್ಟದ ಜನ ಉಸಿರಿನ ರೂಪದಲ್ಲಿ ಬೆಲೆ ತೆರುತ್ತಿದ್ದಾರೆ.

ರಸ್ತೆಯನ್ನೇ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಶಿರಾಡಿಯೇ ನಿದರ್ಶನ. ಘಾಟಿಯ ಸುಮಾರು ೨೬ ಕಿಲೋಮೀಟರ್ ಹಾದಿಯನ್ನು ೨೦೧೫ರಲ್ಲಿ ಮತ್ತು ೨೦೧೮ರಲ್ಲಿ, ಎರಡು ಹಂತಗಳಲ್ಲಿ, ತಿಂಗಳುಗಟ್ಟಲೆ ಸಂಚಾರ ನಿಲ್ಲಿಸಿ ಕಾಂಕ್ರೀಟು ಮಾಡಲಾಯಿತು. ಆ ಅವಧಿಯಲ್ಲಿ ಮಂಗಳೂರಿನ ಸರಕು ಬೆಂಗಳೂರಿಗೆ ಹೋಗುವುದು ನಿಲ್ಲಲಿಲ್ಲ; ಬೇರೆ ಘಾಟಿಗಳನ್ನು ಹಿಡಿದು ಹೋಯಿತು. ಕೆಂಪುಹೊಳೆಯ ಕಣಿವೆಯಲ್ಲಿ ಕಡಿಮೆಯಾದ ಹೊಗೆ ಇನ್ನೊಂದು ಹೊಳೆಯ ಕಣಿವೆಯಲ್ಲಿ ಎದ್ದಿತು. ೨೦೧೯ರ ಆಗಸ್ಟಿನ ಮಳೆಗೆ ಚಾರ್ಮಾಡಿ ಕುಸಿದಾಗಲೂ ಆದದ್ದು ಇದೇ. ಹೀಗಿರುವಾಗ, ಲಾರಿ ಯಾವ ಘಾಟಿಯನ್ನು ಹಿಡಿದರೂ ಅದರೊಂದಿಗೆ ಹೋಗುವ ರಕ್ಷಣೆಯೊಂದು ಇದ್ದರೆ ಅದು ಲಾರಿಯ ಒಡಲಲ್ಲೇ ಇರತಕ್ಕದ್ದು.

ಅಂಥದೊಂದು ರಕ್ಷಣೆ ೨೦೨೦ರ ಏಪ್ರಿಲ್ ೧ರಿಂದ ಕಾನೂನಿನ ಒತ್ತಾಯದಿಂದಲೇ ಬಂದಿದೆ. ಅಂದು ಜಾರಿಗೆ ಬಂದ ಭಾರತ್ ಸ್ಟೇಜ್-೬ ನಿಯಮಗಳು ಐದನೆಯ ಮೆಟ್ಟಿಲನ್ನು ಹಾರಿ, ನಾಲ್ಕರಿಂದ ನೇರ ಆರಕ್ಕೆ ಜಿಗಿದವು. ಭಾರೀ ಡೀಸೆಲ್ ಎಂಜಿನ್ನು ಉಗುಳಬಹುದಾದ ಸಾರಜನಕದ ಆಕ್ಸೈಡುಗಳ ಮಿತಿ ಪ್ರತಿ ಕಿಲೋವ್ಯಾಟ್-ಗಂಟೆಗೆ ೩.೫ ಗ್ರಾಮಿನಿಂದ ಅರ್ಧ ಗ್ರಾಮಿಗೂ ಕೆಳಗೆ ಇಳಿಯಿತು. ಮಸಿಯ ಕಣಗಳನ್ನು ತೂಗಿದರೆ ಸಾಲದು, ಎಣಿಸಬೇಕೆಂಬ ನಿಯಮವೂ ಮೊದಲ ಬಾರಿಗೆ ಬಂದಿತು. ಇದಕ್ಕೆ ತಕ್ಕಂತೆ ಇಂಧನವೂ ಬದಲಾಯಿತು. ಬಿಎಸ್-೩ರ ಕಾಲದ ಡೀಸೆಲಿನಲ್ಲಿ ದಶಲಕ್ಷಕ್ಕೆ ೩೫೦ ಭಾಗ ಗಂಧಕವಿರಬಹುದಿತ್ತು, ಬಿಎಸ್-೪ರಲ್ಲಿ ೫೦, ಈಗ ದೇಶದ ಯಾವ ಬಂಕಿನಲ್ಲಿ ತುಂಬಿಸಿದರೂ ೧೦ ಭಾಗವನ್ನು ಮೀರುವಂತಿಲ್ಲ. ಗಂಧಕ ಹೆಚ್ಚಿದ್ದರೆ ಶೋಧಕದ ರಾಸಾಯನಿಕ ಲೇಪ ವಿಷವುಂಡಂತೆ ನಿಷ್ಕ್ರಿಯವಾಗುತ್ತದೆ. ಡೀಸೆಲು ಶುದ್ಧವಾಗದೆ ಶೋಧಕವಿಲ್ಲ ಎಂಬ ಈ ಸರಳ ಸಂಬಂಧ ತಿಳಿದರೆ, ಇಪ್ಪತ್ತು ವರ್ಷಗಳ ಹಿಂದೆ ಇದು ಏಕೆ ಸಾಧ್ಯವಿರಲಿಲ್ಲ ಎಂಬುದೂ, ಇಂದು ಅದನ್ನು ಕಳೆದುಕೊಳ್ಳುವುದು ಏಕೆ ಅಕ್ಷಮ್ಯವೆಂಬುದೂ ತಿಳಿಯುತ್ತದೆ.

ಹೊಸ ಲಾರಿಯ ಪಕ್ಕದಲ್ಲಿ, ಡೀಸೆಲ್ ಟ್ಯಾಂಕಿನ ಸಮೀಪ, ದೊಡ್ಡ ಉಕ್ಕಿನ ಪೆಟ್ಟಿಗೆಯೊಂದು ಕಾಣುತ್ತದೆ. ಚಾಲಕರು ಹಳೆಯ ರೂಢಿಯಂತೆ ಅದನ್ನು ಸೈಲೆನ್ಸರ್ ಎಂದೇ ಕರೆಯುತ್ತಾರೆ. ಸದ್ದಡಗಿಸುವ ಕೆಲಸವನ್ನೂ ಅದು ಮಾಡುವುದರಿಂದ ಹೆಸರು ತಪ್ಪಲ್ಲ. ಆದರೆ ಅದರ ಹೊಟ್ಟೆಯೊಳಗೆ ಮೂರು ಅಂಗಗಳಿವೆ. ಮೊದಲನೆಯದು ಅರೆಬೆಂದ ಇಂಧನದ ಆವಿಯನ್ನೂ ಕಾರ್ಬನ್ ಮಾನಾಕ್ಸೈಡನ್ನೂ ಸುಡುವ ಕ್ಯಾಟಲಿಸ್ಟ್. ಎರಡನೆಯದು ಡಿಪಿಎಫ್ ಎಂದು ಗ್ಯಾರೇಜುಗಳಲ್ಲಿ ಹೆಸರಾದ ಮಸಿಶೋಧಕ. ಮೂರನೆಯದು ಯೂರಿಯಾ ದ್ರಾವಣದ ನೆರವಿನಿಂದ ಸಾರಜನಕದ ಆಕ್ಸೈಡುಗಳನ್ನು ನಿರಪಾಯಕಾರಿ ಸಾರಜನಕವನ್ನಾಗಿಯೂ ನೀರಾಗಿಯೂ ಮಾಡುವ ಎಸ್‌ಸಿಆರ್.

ಈ ಮೂರರಲ್ಲಿ ಘಟ್ಟದ ಜನರಿಗೆ ಅತಿ ಮುಖ್ಯವಾದದ್ದೂ ಅತಿ ಹೆಚ್ಚು ಆರೈಕೆ ಬೇಡುವಂಥದೂ ಮಸಿಶೋಧಕವೇ. ಅದರ ರಚನೆ ಜೇನುಹಟ್ಟಿನಂತೆ. ಸೆರಾಮಿಕ್ಕಿನ ಸಾವಿರಾರು ಸಣ್ಣ ನಾಳಗಳು; ಒಂದರ ಮುಂಬಾಯಿ ಮುಚ್ಚಿದ್ದರೆ ಅದರ ನೆರೆಯದರ ಹಿಂಬಾಯಿ ಮುಚ್ಚಿರುತ್ತದೆ. ಹೊಗೆ ಒಂದು ನಾಳವನ್ನು ಹೊಕ್ಕು, ಮುಂದೆ ದಾರಿಯಿಲ್ಲದೆ, ಸೂಕ್ಷ್ಮರಂಧ್ರಗಳ ಗೋಡೆಯನ್ನು ತೂರಿಕೊಂಡೇ ಪಕ್ಕದ ನಾಳಕ್ಕೆ ಹೋಗಬೇಕು. ಮಸಿ ಗೋಡೆಗೆ ಅಂಟಿ ಉಳಿಯುತ್ತದೆ. ಸುಸ್ಥಿತಿಯ ಶೋಧಕ ಹೀಗೆ ನೂರರಲ್ಲಿ ತೊಂಬತ್ತಕ್ಕೂ ಮಿಕ್ಕಿದ ಮಸಿಯನ್ನು ಹಿಡಿಯುತ್ತದೆ. ಡೀಸೆಲ್ ಹೊಗೆಯನ್ನು ೨೦೧೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ದೃಢಪಟ್ಟ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಆ ಹೊಗೆಯನ್ನು ಎಲ್ಲರಿಗಿಂತ ಹತ್ತಿರದಿಂದ ಉಂಡವನು ಚಾಲಕನೇ ಎಂಬುದನ್ನು ಮರೆಯಬಾರದು.

ಹಿಡಿದ ಮಸಿ ಎಲ್ಲಿ ಹೋಗಬೇಕು? ಅಲ್ಲಿಯೇ ಉರಿಯಬೇಕು. ಇದನ್ನೇ ರೀಜನರೇಷನ್ ಎನ್ನುವುದು. ಹೊಗೆಯ ಉಷ್ಣತೆ ೨೫೦ರಿಂದ ೪೦೦ ಡಿಗ್ರಿ ಸೆಲ್ಸಿಯಸ್ ಇದ್ದರೆ, ಮುಂದಿನ ಕ್ಯಾಟಲಿಸ್ಟಿನಲ್ಲಿ ಹುಟ್ಟಿದ ನೈಟ್ರೋಜನ್ ಡೈಆಕ್ಸೈಡು ಮಸಿಯನ್ನು ಸದ್ದಿಲ್ಲದೆ ತಿನ್ನುತ್ತಾ ಹೋಗುತ್ತದೆ. ಚಾಲಕನಿಗೆ ಗೊತ್ತೂ ಆಗುವುದಿಲ್ಲ. ಹೊಗೆ ಅಷ್ಟು ಬಿಸಿಯಾಗದಿದ್ದರೆ ಲಾರಿಯ ಗಣಕವು ಹೆಚ್ಚುವರಿ ಡೀಸೆಲನ್ನು ಸುಟ್ಟು ಶೋಧಕವನ್ನು ೫೫೦-೬೦೦ ಡಿಗ್ರಿಗೆ ಏರಿಸಿ ಬಲವಂತವಾಗಿ ಮಸಿಯನ್ನು ಉರಿಸುತ್ತದೆ.

ಇಲ್ಲಿಯೇ ಘಟ್ಟದ ಹಾದಿಗೆ ಒಂದು ವಿಚಿತ್ರ ಪಾತ್ರವಿದೆ. ಗುಂಡ್ಯದಿಂದ ಮಾರನಹಳ್ಳಿಯ ಕಡೆಗೆ ತುಂಬಿದ ಹೊರೆ ಹೊತ್ತು ಏರುವ ಲಾರಿಯ ಎಂಜಿನ್ನು ಒಂದೇ ಸಮನೆ ದುಡಿಯುತ್ತದೆ, ಹೊಗೆ ಕಾಯುತ್ತದೆ, ಶೋಧಕ ತಾನಾಗಿಯೇ ಶುಚಿಯಾಗುತ್ತದೆ. ಹಳೆಯ ಲಾರಿಗಳು ಅತಿ ಹೆಚ್ಚು ಕಪ್ಪುಹೊಗೆ ಉಗುಳುತ್ತಿದ್ದ ಏರುದಾರಿಯೇ ಹೊಸ ಲಾರಿಯ ಶೋಧಕಕ್ಕೆ ಆರೋಗ್ಯಕರವಾದದ್ದು. ಕೆಡುಕು ಇರುವುದು ಬೇರೆಡೆ. ಪಣಂಬೂರಿನ ಬಂದರಿನ ಹೊರಗೆ ಸರದಿಗಾಗಿ ಗಂಟೆಗಟ್ಟಲೆ ಎಂಜಿನ್ನು ಆರಿಸದೆ ನಿಲ್ಲುವಾಗ, ಲೋಡಿಗಾಗಿ ಮೀಟರುಗಳ ಲೆಕ್ಕದಲ್ಲಿ ತೆವಳುವಾಗ, ಖಾಲಿ ಲಾರಿ ಎಕ್ಸಾಸ್ಟ್ ಬ್ರೇಕ್ ಹಿಡಿದು ಘಾಟಿ ಇಳಿಯುವಾಗ ಹೊಗೆ ತಣ್ಣಗಿರುತ್ತದೆ. ನಿಂತು ಉರಿಯುವ ಎಂಜಿನ್ನಿನ ಮಸಿ ಶೋಧಕದಲ್ಲಿ ತುಂಬುತ್ತಲೇ ಹೋಗುತ್ತದೆ, ಉರಿಯುವುದಿಲ್ಲ. ಬಂದರಿನ ಬಾಗಿಲಿನ ಅವ್ಯವಸ್ಥೆಗೂ ಸಕಲೇಶಪುರದ ಗಾಳಿಗೂ ಇರುವ ನಂಟು ಇದು.

ಮಸಿ ತುಂಬಿದಾಗ ಚಾಲಕನ ಮುಂದಿನ ಫಲಕದಲ್ಲಿ ದೀಪ ಹತ್ತುತ್ತದೆ. ಲಾರಿಯನ್ನು ಬದಿಗೆ ನಿಲ್ಲಿಸಿ, ಗುಂಡಿ ಒತ್ತಿ, ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಕಾದರೆ ಶೋಧಕ ಶುಚಿಯಾದೀತು. ಆದರೆ ಮಾಲು ತಲುಪಿಸುವ ಗಡುವು ತಲೆಯ ಮೇಲಿರುವವನು ಕಾಯುವುದು ಹೇಗೆ? ಮುಂದೂಡುವ ಗುಂಡಿಯೂ ಅಲ್ಲಿಯೇ ಇದೆ. ಒಮ್ಮೆ ಮುಂದೂಡಿದರೆ ದೀಪ ಮಿನುಗತೊಡಗುತ್ತದೆ. ಮತ್ತೆ ಮತ್ತೆ ಮುಂದೂಡಿದರೆ ಗಣಕವು ಎಂಜಿನ್ನಿನ ಶಕ್ತಿಯನ್ನೇ ಕಡಿತಗೊಳಿಸುತ್ತದೆ. ಬಯಲುಸೀಮೆಯಲ್ಲಾದರೆ ಲಾರಿ ನಿಧಾನವಾಗಿ ಓಡೀತು. ಘಾಟಿಯ ತಿರುವಿನಲ್ಲಿ ಹದಿನಾರು ಚಕ್ರದ ಲಾರಿಯೋ ಗ್ಯಾಸ್ ಟ್ಯಾಂಕರೋ ಶಕ್ತಿ ಕಳೆದುಕೊಂಡು ನಿಂತರೆ ಎರಡೂ ಕಡೆ ಮೈಲುಗಟ್ಟಲೆ ಸಾಲು ಬೆಳೆಯುತ್ತದೆ. ಹಾಸನ ಸೀಮೆಯಿಂದ ಮಂಗಳೂರಿನ ಆಸ್ಪತ್ರೆಗಳಿಗೆ ರೋಗಿಗಳನ್ನು ಒಯ್ಯುವ ಆಂಬುಲೆನ್ಸುಗಳೂ ಆ ಸಾಲಿನಲ್ಲಿಯೇ ಇರಬೇಕು.

ಇನ್ನೊಂದು ಅಪಾಯ ಇನ್ನೂ ಗಂಭೀರವಾದದ್ದು, ಮತ್ತು ಪರಿಸರ ಸಂಘಟನೆಗಳು ತಕ್ಷಣ ಗಮನಿಸಬೇಕಾದದ್ದು. ನಿಂತಲ್ಲೇ ರೀಜನರೇಷನ್ ನಡೆಯುವಾಗ ಶೋಧಕದ ಒಳಗೆ ೬೦೦ ಡಿಗ್ರಿಯ ಸುಮಾರಿನ ಉರಿಯಿರುತ್ತದೆ. ಕೊಳವೆಯಿಂದ ಹೊರಬೀಳುವ ಗಾಳಿಯೂ ಅತಿಯಾಗಿ ಕಾದಿರುತ್ತದೆ. ಒಣಹುಲ್ಲು, ತರಗೆಲೆ, ಸುಲಭವಾಗಿ ಹೊತ್ತಿಕೊಳ್ಳುವ ಯಾವುದರ ಮೇಲೂ ಲಾರಿಯನ್ನು ನಿಲ್ಲಿಸಿ ಈ ಕೆಲಸ ಮಾಡಬಾರದೆಂದು ವಾಹನದ ಕೈಪಿಡಿಗಳು ಎಚ್ಚರಿಸುತ್ತವೆ. ಆದರೆ ಜನವರಿಯಿಂದ ಏಪ್ರಿಲಿನವರೆಗೆ ಘಾಟಿಯ ರಸ್ತೆಬದಿಯಲ್ಲಿ ತರಗೆಲೆಯಿಲ್ಲದ ಜಾಗವನ್ನು ಹುಡುಕುವುದೆಲ್ಲಿ? ಬೀಡಿಯ ತುಂಡು, ಬೇಟೆಗಾರರು, ಹುಲ್ಲಿನಾಸೆಗೆ ಬೆಂಕಿಯಿಡುವವರು ಎಂದು ಕಾಳ್ಗಿಚ್ಚಿನ ಕಾರಣಗಳನ್ನು ಪಟ್ಟಿಮಾಡುವ ಅರಣ್ಯ ಇಲಾಖೆಯ ಬೇಸಿಗೆಯ ಎಚ್ಚರಿಕೆಗಳಲ್ಲಿ ಬಿಸಿ ಹೊಗೆಕೊಳವೆಗೂ ಒಂದು ಸ್ಥಾನ ಸಿಗಬೇಕು. ಘಾಟಿಯ ಬುಡದಲ್ಲೊಂದು, ನೆತ್ತಿಯಲ್ಲೊಂದು, ಸುತ್ತ ಹುಲ್ಲು ಹೆರೆದ ಕಾಂಕ್ರೀಟಿನ ನಿಲುಗಡೆ ಅಂಗಳವಿದ್ದರೆ ಚಾಲಕನಿಗೂ ಕಾಡಿಗೂ ಕ್ಷೇಮ. ಕೋಟಿಗಳ ಸುರಂಗದ ಲೆಕ್ಕದ ಮುಂದೆ ಇದರ ವೆಚ್ಚ ಎಷ್ಟರದು!

ಮಸಿ ಉರಿದರೂ ಬೂದಿ ಉಳಿಯುತ್ತದೆ. ಒಲೆಯ ಬೂದಿ ಕಟ್ಟಿಗೆಯದಾದರೆ ಇಲ್ಲಿನ ಬೂದಿ ಬಹುಪಾಲು ಎಂಜಿನ್ ಆಯಿಲ್‌ನದು. ಆಯಿಲಿಗೆ ಬೆರೆಸುವ ಕ್ಯಾಲ್ಸಿಯಂ, ಸತು, ಮೆಗ್ನೀಸಿಯಂ ಲವಣಗಳು ಯಾವ ಉಷ್ಣತೆಯಲ್ಲೂ ಉರಿದುಹೋಗದೆ ನಾಳಗಳ ತಳದಲ್ಲಿ ಗಟ್ಟಿಯಾಗುತ್ತವೆ. ಆದ್ದರಿಂದಲೇ ಬಿಎಸ್-೬ ಲಾರಿಗೆ ಬೂದಿ ಕಡಿಮೆಯಿರುವ, ಸಿಕೆ-೪ ದರ್ಜೆಯ ಅಥವಾ ತಯಾರಕರು ಸೂಚಿಸಿದ ಅದಕ್ಕೆ ಸಮನಾದ ಆಯಿಲನ್ನೇ ಹಾಕಬೇಕು. ಡಬ್ಬಕ್ಕೆ ನಾಲ್ಕು ನೂರು ರೂಪಾಯಿ ಉಳಿಸಲು ಹಳೆಯ ದರ್ಜೆಯ ಆಯಿಲ್ ಸುರಿದವನು ಶೋಧಕದ ಆಯುಷ್ಯವನ್ನೇ ಕರಗಿಸಿಕೊಳ್ಳುತ್ತಾನೆ.

ಬೂದಿ ತೆಗೆಯುವುದಕ್ಕೆ ಕ್ರಮವಿದೆ. ಶೋಧಕವನ್ನು ಬಿಚ್ಚಿ, ಹೊಗೆ ಹೋಗುವ ದಿಕ್ಕನ್ನು ಗುರುತು ಹಾಕಿ, ತೂಗಬೇಕು. ಕುಲುಮೆಯಲ್ಲಿ ನಿಧಾನವಾಗಿ ಕಾಯಿಸಿ ಉಳಿದ ಮಸಿಯನ್ನು ಸುಡಬೇಕು. ಮುಚ್ಚಿದ ಯಂತ್ರದೊಳಗೆ ಹಿಮ್ಮುಖವಾಗಿ ಗಾಳಿ ಹಾಯಿಸಿ ಬೂದಿಯನ್ನು ಚೀಲದಲ್ಲಿ ಹಿಡಿಯಬೇಕು. ಮತ್ತೆ ತೂಗಿ, ಹೊಸದಾಗಿದ್ದಾಗಿನ ತೂಕಕ್ಕೆ ಹತ್ತಿರ ಬಂದಿತೇ ಎಂದು ನೋಡಬೇಕು. ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದ ಬಳಿಕ ಗಣಕದ ಲೆಕ್ಕವನ್ನು ಸೊನ್ನೆಗೆ ತರಬೇಕು. ಇದಾವುದೂ ಇಲ್ಲದೆ, ಹೊಳೆಬದಿಯಲ್ಲಿ ಲಾರಿ ತೊಳೆಯುವ ಪಂಪಿನಿಂದಲೇ ಶೋಧಕಕ್ಕೆ ನೀರು ಹೊಡೆಯುವುದು ಎರಡು ಬಗೆಯ ಅನಾಹುತ. ಬೂದಿ ನೀರುಂಡು ನಾಳದೊಳಗೆ ಗಾರೆಯಂತೆ ಕಚ್ಚಿಕೊಳ್ಳುತ್ತದೆ, ಲೇಪ ಕಿತ್ತುಹೋಗುತ್ತದೆ. ಹೊರಬಂದ ಕಪ್ಪು ನೀರು ಲೋಹಗಳ ಸಮೇತ ಹೊಳೆಗೆ ಸೇರುತ್ತದೆ. ಕಂಪ್ರೆಸರ್ ಹಿಡಿದು ಬಯಲಲ್ಲೇ ಊದುವ ಹುಡುಗನ ಶ್ವಾಸಕೋಶದ ಗತಿ ಬೇರೆ ಹೇಳಬೇಕಾಗಿಲ್ಲ.

ಹೆಚ್ಚಿನ ಮಾಲೀಕರು ತಿಳಿಯದಿರುವ ಸಂಗತಿಯೆಂದರೆ ಶೋಧಕವು ಎಂಜಿನ್ನಿನ ಕನ್ನಡಿ. ಅದು ಪದೇ ಪದೇ ಕಟ್ಟಿಕೊಳ್ಳುತ್ತಿದ್ದರೆ ದೋಷ ಅದರದಲ್ಲ. ಸೋರುವ ಇಂಜೆಕ್ಟರ್, ಟರ್ಬೋದ ಸೀಲು ಹೋಗಿ ಹೊಗೆಗೆ ಬೆರೆಯುವ ಆಯಿಲ್, ಕಾಂಕ್ರೀಟು ದೂಳಿನಲ್ಲಿ ಮುಚ್ಚಿಹೋದ ಏರ್ ಫಿಲ್ಟರ್, ಇಜಿಆರ್ ಕೂಲರಿನ ಸೋರಿಕೆ, ಒತ್ತಡ ಅಳೆಯುವ ಸೆನ್ಸರಿನ ಸಣ್ಣ ನಳಿಕೆಯಲ್ಲಿ ನಿಂತ ಕಸ, ಇವುಗಳಲ್ಲೊಂದು ಇದ್ದೇ ಇರುತ್ತದೆ. ಮೂಲವನ್ನು ಹುಡುಕದೆ ಹೊಸ ಶೋಧಕ ಕೂರಿಸಿದರೆ ಅದೂ ಆರು ತಿಂಗಳಲ್ಲಿ ಅದೇ ದಾರಿ ಹಿಡಿಯುತ್ತದೆ. ಆಗ ಮಾಲೀಕನಿಗೆ ರೋಸಿಹೋಗಿ, ‘ಕಿತ್ತೇ ಹಾಕಿ’ ಎನ್ನುವ ಸಲಹೆಗಾರ ಸಿಗುತ್ತಾನೆ.

ಕಿತ್ತುಹಾಕುವುದು ಇಂದು ಗುಟ್ಟಿನ ವ್ಯವಹಾರವಾಗಿಯೂ ಉಳಿದಿಲ್ಲ. ಪೆಟ್ಟಿಗೆಯನ್ನು ಸೀಳಿ, ಸೆರಾಮಿಕ್ಕನ್ನು ಹೊರತೆಗೆದು, ಖಾಲಿ ಕೊಳವೆ ಬೆಸೆದು ಮುಚ್ಚಲಾಗುತ್ತದೆ. ಹೊರಗಿನಿಂದ ನೋಡಿದರೆ ಲಾರಿ ಮೊದಲಿನಂತೆಯೇ ಇರುತ್ತದೆ. ಕ್ಯಾಟಲಿಸ್ಟಿನಲ್ಲಿರುವ ಪ್ಲಾಟಿನಮ್ ಜಾತಿಯ ಲೋಹಗಳಿಗೆ ಗುಜರಿಯಲ್ಲಿ ಬೆಲೆಯಿರುವುದು ಇನ್ನೊಂದು ಆಮಿಷ. ಯೂರಿಯಾ ದ್ರಾವಣದ ಖರ್ಚು ಉಳಿಸಲು ಗಣಕವನ್ನು ವಂಚಿಸುವ ಎಮ್ಯುಲೇಟರ್ ಎಂಬ ಪುಟ್ಟ ಡಬ್ಬಿಯೂ ಮಾರಾಟದಲ್ಲಿದೆ. ದ್ರಾವಣ ಮುಗಿದಿದ್ದರೂ ಅದು ‘ಎಲ್ಲವೂ ಸರಿಯಿದೆ’ ಎಂದು ಗಣಕಕ್ಕೆ ಸುಳ್ಳು ಹೇಳುತ್ತಿರುತ್ತದೆ.

ಯೂರಿಯಾದ ಮಾತು ಬಂದುದರಿಂದ ಕೃಷಿಕರಿಗೆ ಸಂಬಂಧಿಸಿದ ಒಂದು ವಿಷಯ. ಲಾರಿಗೆ ಬೇಕಾದುದು ನೂರಕ್ಕೆ ೩೨.೫ ಭಾಗ ಶುದ್ಧ ಯೂರಿಯಾ, ಉಳಿದದ್ದು ಖನಿಜಾಂಶ ತೆಗೆದ ನೀರು. ಗೊಬ್ಬರದ ಯೂರಿಯಾ ೨೦೧೫ರಿಂದ ಬೇವಿನೆಣ್ಣೆಯ ಲೇಪದೊಡನೆ ಬರುತ್ತದೆ. ಅದನ್ನು ಬೋರ್‌ವೆಲ್ ನೀರಿನಲ್ಲಿ ಕದಡಿ ಟ್ಯಾಂಕಿಗೆ ಸುರಿದರೆ ಎಣ್ಣೆಯೂ ಸುಣ್ಣವೂ ಸೇರಿ ಸಿಂಪಡಿಸುವ ಮೂತಿಯನ್ನು ಕಟ್ಟಿ, ಕ್ಯಾಟಲಿಸ್ಟನ್ನು ಕೊಲ್ಲುತ್ತವೆ. ಸಹಕಾರ ಸಂಘದ ಮುಂದೆ ಸಬ್ಸಿಡಿಯ ಚೀಲಕ್ಕಾಗಿ ರೈತ ಸಾಲು ನಿಂತಿರುವಾಗ ಅದೇ ಚೀಲವನ್ನು ಲಾರಿಯ ಟ್ಯಾಂಕಿಗೆ ಕದಡುವುದು ಅಪರಾಧವೂ ಹೌದು, ನಿರರ್ಥಕವೂ ಹೌದು.

ಇಷ್ಟೆಲ್ಲ ನಡೆಯುತ್ತಿರುವಾಗ ತಪಾಸಣೆ ಏನು ಮಾಡುತ್ತಿದೆ? ಎಮಿಷನ್ ಟೆಸ್ಟ್ ಕೇಂದ್ರದಲ್ಲಿ ಡೀಸೆಲ್ ಲಾರಿಯನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಎಕ್ಸಿಲೇಟರ್ ಒತ್ತಿ, ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆಂದು ಅಳೆಯುತ್ತಾರೆ. ಕಣ್ಣಿಗೆ ಕಾಣುವ ಕಪ್ಪುಹೊಗೆಯ ಕಾಲಕ್ಕೆ ರೂಪಿಸಿದ ಪರೀಕ್ಷೆ ಇದು. ಹೊಸ ಎಂಜಿನ್ನು ಸುಸ್ಥಿತಿಯಲ್ಲಿದ್ದರೆ, ಶೋಧಕವನ್ನು ಕಿತ್ತ ಮೇಲೂ ಅದು ಇದರಲ್ಲಿ ತೇರ್ಗಡೆಯಾಗಬಹುದು. ಏಕೆಂದರೆ ಅದು ಉಗುಳುವ ಕಣಗಳು ಬೆಳಕನ್ನು ತಡೆಯಲಾರದಷ್ಟು ಸೂಕ್ಷ್ಮ. ಸಾರಜನಕದ ಆಕ್ಸೈಡುಗಳನ್ನಂತೂ ಈ ಯಂತ್ರ ಅಳೆಯುವುದೇ ಇಲ್ಲ. ಹೊಗೆ ಕಾಣಲಿಲ್ಲವೆಂದರೆ ಹೊಗೆಯೇ ಇಲ್ಲವೆಂಬ ತರ್ಕ!

ಬೇರೆ ದಾರಿ ಇಲ್ಲವೆಂದಲ್ಲ. ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತ ೨೦೨೨ರ ಜುಲೈಯಲ್ಲಿ, ನೆದರ್‌ಲೆಂಡ್ಸ್ ೨೦೨೩ರ ಜನವರಿಯಲ್ಲಿ, ಜರ್ಮನಿ ಅದೇ ವರ್ಷದ ಜುಲೈಯಲ್ಲಿ ಹೊಗೆಯ ಕಣಗಳನ್ನು ಎಣಿಸುವ ಯಂತ್ರವನ್ನು ನಿಯತ ತಪಾಸಣೆಗೆ ತಂದವು. ಕೊಳವೆಯ ಬಾಯಿಗೆ ನಳಿಕೆ ಇಟ್ಟು, ನಿಂತಲ್ಲೇ ಉರಿಯುವ ಎಂಜಿನ್ನಿನ ಹೊಗೆಯಲ್ಲಿ ಒಂದು ಘನ ಸೆಂಟಿಮೀಟರಿಗೆ ಎಷ್ಟು ಕಣಗಳಿವೆಯೆಂದು ಎಣಿಸಿದರೆ ಸಾಕು. ಶೋಧಕ ಇಲ್ಲದ್ದೂ, ಇದ್ದು ಬಿರುಕುಬಿಟ್ಟಿದ್ದೂ ಕೆಲವೇ ನಿಮಿಷಗಳಲ್ಲಿ ಸಿಕ್ಕಿಬೀಳುತ್ತದೆ. ಕರ್ನಾಟಕದ ಎಲ್ಲ ಕೇಂದ್ರಗಳಿಗೂ ಇಂಥ ಯಂತ್ರ ಬರುವುದು ದೂರದ ಮಾತಾದರೂ, ಘಾಟಿಗಳ ತುದಿಯ ಚೆಕ್‌ಪೋಸ್ಟುಗಳಿಗೆ ಒಂದೊಂದನ್ನು ಕೊಡಿಸುವುದು ಸಾರಿಗೆ ಇಲಾಖೆಗೆ ಭಾರವಾಗದು. ಅಲ್ಲಿಯವರೆಗೆ ಒಂದು ಬಡ ಪರೀಕ್ಷೆ ಎಲ್ಲರ ಕೈಯಲ್ಲೂ ಇದೆ. ಬಿಎಸ್-೬ ಲಾರಿಯ ಎಂಜಿನ್ನು ತಣ್ಣಗಿರುವಾಗ ಹೊಗೆಕೊಳವೆಯ ಒಳಬದಿಗೆ ಬಿಳಿ ಬಟ್ಟೆ ಸವರಿದರೆ ಅದು ಹೆಚ್ಚುಕಡಿಮೆ ಬಿಳಿಯಾಗಿಯೇ ಬರಬೇಕು. ಕರ್ರಗೆ ಬಂದರೆ ಶೋಧಕ ಒಡೆದಿದೆ, ಇಲ್ಲವೇ ಇಲ್ಲ.

ಕಾನೂನಿನ ಕೊರತೆಯೂ ಇಲ್ಲ. ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮು ತಯಾರಕರು ಕೊಟ್ಟ ಸ್ವರೂಪವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. ೨೦೧೯ರ ತಿದ್ದುಪಡಿಯ ಬಳಿಕ, ವಾಯು ಮತ್ತು ಶಬ್ದ ಮಾಲಿನ್ಯದ ಮಾನಕಗಳನ್ನು ಮೀರಿ ವಾಹನ ಓಡಿಸುವುದಕ್ಕೆ ಮೂರು ತಿಂಗಳ ಸೆರೆಮನೆ ಅಥವಾ ಹತ್ತು ಸಾವಿರ ರೂಪಾಯಿಯವರೆಗಿನ ದಂಡ, ಇಲ್ಲವೆ ಎರಡೂ ಇವೆ. ದಂಡ ಬೀಳುವುದು ಬಹಳ ಸಲ ಸ್ಟಿಯರಿಂಗ್ ಹಿಡಿದವನ ಮೇಲೆ. ಶೋಧಕ ಕೀಳಿಸಿದವನು ಅವನಲ್ಲ.

ರಸ್ತೆಯಲ್ಲಿ ೨೦೨೦ಕ್ಕಿಂತ ಹಳೆಯ ಲಾರಿಗಳು ಇನ್ನೂ ಧಾರಾಳವಾಗಿವೆ. ಅವುಗಳಿಗೆ ಶೋಧಕ ಹುಟ್ಟಿನಿಂದಲೇ ಇರಲಿಲ್ಲ. ಡೀಸೆಲು ಶುದ್ಧವಾಗಿರುವ ಈಗ ಅವುಗಳಿಗೂ ಹೊರಗಿನಿಂದ ಶೋಧಕ ಕೂರಿಸಬಹುದೇ ಎಂದು ಕೆಲವರು ಕೇಳುತ್ತಾರೆ. ತಾತ್ವಿಕವಾಗಿ ಸಾಧ್ಯ, ಆದರೆ ಆಯ್ಕೆ ಎಚ್ಚರದಿಂದಾಗಬೇಕು. ತಾನಾಗಿ ಶುಚಿಯಾಗುವ ಪೂರ್ಣ ಶೋಧಕವನ್ನು ಕೂರಿಸುವ ಮೊದಲು ಲಾರಿಯ ಹೊಗೆಯ ಉಷ್ಣತೆಯನ್ನು ಹಲವು ದಿನ ದಾಖಲಿಸಿ, ದುಡಿಮೆಯ ಸಾಕಷ್ಟು ಹೊತ್ತು ಅದು ೨೫೦ ಡಿಗ್ರಿಯನ್ನು ದಾಟುತ್ತದೆಯೇ ಎಂದು ನೋಡಬೇಕು. ಘಾಟಿ ಏರುವ ಲಾರಿ ಈ ಪರೀಕ್ಷೆಯಲ್ಲಿ ಗೆದ್ದೀತು. ಬಂದರಿನೊಳಗೇ ಸುತ್ತುವ ಟಿಪ್ಪರ್ ಸೋತೀತು. ಆಯಿಲ್ ಕುಡಿಯುವ, ಕಪ್ಪುಹೊಗೆ ಉಗುಳುವ ಎಂಜಿನ್ನಿಗೆ ಯಾವ ಶೋಧಕವೂ ತಾಳದು. ಅಂಥ ಲಾರಿಗೆ ಮೊದಲ ಮದ್ದು ಪಂಪು-ನಾಝಲಿನ ಸರಿಪಡಿಕೆ, ಏರ್ ಫಿಲ್ಟರಿನ ಬದಲಾವಣೆ, ಮತ್ತು ಮಿತಿಮೀರಿದ ಹೊರೆಯನ್ನು ಇಳಿಸುವುದು. ಈ ಮೂರೂ ಅಗ್ಗ, ಮೂರೂ ಡೀಸೆಲ್ ಉಳಿಸುವಂಥವು, ಆದರೂ ಆಗುತ್ತಿಲ್ಲ.

ಹಳೆಯ ಲಾರಿಯಲ್ಲಿ ಸೈಲೆನ್ಸರ್ ಎಂದರೆ ಸೈಲೆನ್ಸರ್ ಮಾತ್ರ. ಅದರ ಆಯ್ಕೆಯೂ ಅಲಕ್ಷ್ಯಕ್ಕೆ ಒಳಗಾಗಿದೆ. ಒಳ್ಳೆಯ ಸೈಲೆನ್ಸರಿನೊಳಗೆ ಕೋಣೆಗಳಿರುತ್ತವೆ, ತೂತಿನ ಕೊಳವೆಗಳಿರುತ್ತವೆ; ಸದ್ದಿನ ಅಲೆ ಅಲ್ಲಿ ತಿರುತಿರುಗಿ ತನ್ನನ್ನು ತಾನೇ ಸವೆಸಿಕೊಳ್ಳುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ತಗಡು ಸುತ್ತಿ ಎರಡು ಕೊಳವೆ ಬೆಸೆದದ್ದು ಬರೀ ಟೊಳ್ಳು ಡ್ರಮ್ಮು. ಕೊಳ್ಳುವಾಗ ತೂಕ ನೋಡಬೇಕು, ಅಲ್ಯೂಮಿನಿಯಂ ಲೇಪದ ಉಕ್ಕೋ ಸಾದಾ ತಗಡೋ ಎಂದು ಕೇಳಬೇಕು, ಕೊಳವೆಯ ವ್ಯಾಸ ಮೂಲದ್ದಕ್ಕಿಂತ ಕಿರಿದಾಗಿರದಂತೆ ಅಳೆಯಬೇಕು. ಕಿರಿದಾದರೆ ಎಂಜಿನ್ನಿಗೆ ಉಸಿರುಕಟ್ಟಿ ಡೀಸೆಲ್ ಹೆಚ್ಚು ಕುಡಿಯುತ್ತದೆ. ಡೀಸೆಲ್ ಉರಿದಾಗ ನೀರಿನ ಆವಿಯೂ ಹುಟ್ಟುವುದರಿಂದ ಸೈಲೆನ್ಸರು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆ ಹೊರಗಿನಿಂದ ತಿನ್ನುತ್ತವೆ. ತಳದ ಸಣ್ಣ ರಂಧ್ರ ನೀರು ಬಸಿಯುವುದಕ್ಕೆಂದೇ ಇರುವುದು; ಕಟ್ಟದಂತೆ ನೋಡಿಕೊಳ್ಳಬೇಕು. ತಣ್ಣಗಿರುವಾಗ ಮರದ ಸುತ್ತಿಗೆಯಿಂದ ತಟ್ಟಿದರೆ ಒಳಗೆ ಗಲಗಲ ಎಂದರೆ ತಡೆಫಲಕಗಳು ಉದುರಿವೆ ಎಂದರ್ಥ. ರಬ್ಬರಿನ ತೂಗುಪಟ್ಟಿ ಹರಿದರೆ ಕಂಪನಕ್ಕೆ ಎಂಜಿನ್ನಿನ ಹತ್ತಿರದ ಸುಕ್ಕುಕೊಳವೆ ಸೀಳುತ್ತದೆ. ಅಲ್ಲಿ ಸೋರಿದ ಕಾರ್ಬನ್ ಮಾನಾಕ್ಸೈಡು ಕ್ಯಾಬಿನ್ನಿನೊಳಗೆ ಮಲಗಿದ ಕ್ಲೀನರನ ನಿದ್ದೆಯನ್ನು ಪ್ರಾಣಾಂತಿಕವಾಗಿಸಬಲ್ಲದು.

ಕೇಂದ್ರ ಮೋಟಾರು ವಾಹನ ನಿಯಮಗಳ ೧೨೦ನೆಯ ನಿಯಮ ಪ್ರತಿಯೊಂದು ವಾಹನಕ್ಕೂ ಸೈಲೆನ್ಸರನ್ನು ಕಡ್ಡಾಯಗೊಳಿಸಿದೆ. ರಾತ್ರಿಯ ವಸತಿ ಪ್ರದೇಶದ ಸದ್ದು ೪೫ ಡೆಸಿಬಲ್ ಮೀರಬಾರದೆಂದು ೨೦೦೦ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಒಳಗಿನ ಫಲಕಗಳುದುರಿದ ಸೈಲೆನ್ಸರಿನ ಲಾರಿಯೊಂದು ಎಕ್ಸಾಸ್ಟ್ ಬ್ರೇಕ್ ಹಿಡಿದು ಇಳಿಯುವಾಗ ಏಳುವ ಅಬ್ಬರ ಕಣಿವೆಯ ಎರಡೂ ಗೋಡೆಗಳಿಗೆ ಬಡಿದು ತಿರುಗುತ್ತದೆ. ಕಾಡಿನ ಜೀವಿಗಳಿಗೆ ಇದರಿಂದೇನು ಎಂಬ ಪ್ರಶ್ನೆಗೆ ದೂರದ ಒಂದು ಸುಳಿವಿದೆ: ನೆದರ್‌ಲೆಂಡ್ಸಿನ ಲೈಡನ್ ನಗರದಲ್ಲಿ, ಗದ್ದಲದ ಬೀದಿಗಳಲ್ಲಿ ಬದುಕುವ ಒಂದು ಜಾತಿಯ ಹಕ್ಕಿ ತನ್ನ ಹಾಡಿನ ಶ್ರುತಿಯನ್ನು ಏರಿಸಿಕೊಂಡಿದೆಯೆಂದು ೨೦೦೩ರಲ್ಲಿ ವಿಜ್ಞಾನಿಗಳು ತೋರಿಸಿದರು. ಮಳೆಗಾಲದ ರಾತ್ರಿಯಲ್ಲಿ ಸಂಗಾತಿಯನ್ನು ಕೂಗಿ ಕರೆಯುವ ಪಶ್ಚಿಮ ಘಟ್ಟದ ಕಪ್ಪೆಗಳಿಗೆ ಶ್ರುತಿ ಏರಿಸುವ ಆ ಅವಕಾಶವಾದರೂ ಇದೆಯೇ? ಬಂಡೀಪುರದಲ್ಲಿ ೨೦೦೯ರಿಂದ ರಾತ್ರಿ ಸಂಚಾರ ನಿಂತಿದೆ. ಬಂದರಿನ ಮುಖ್ಯ ಹೆದ್ದಾರಿಯಾದ ಶಿರಾಡಿಯಲ್ಲಿ ಅದು ಆಗುವ ಲಕ್ಷಣವಿಲ್ಲ. ಉಳಿದಿರುವುದು ಸೈಲೆನ್ಸರ್.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದೂ ಚಳವಳಿಯ ಒಳಗಿನಿಂದಲೇ. ಲಾರಿಗಳು ಶುದ್ಧವಾದವೆಂದರೆ ರಸ್ತೆ ವಿಸ್ತರಣೆಗೆ ಸಮ್ಮತಿ ಕೊಟ್ಟಂತಾಗುವುದಿಲ್ಲವೇ, ಹೊಗೆ ಕಡಿಮೆಯಾಯಿತೆಂದು ತೋರಿಸಿ ಇನ್ನಷ್ಟು ಲಾರಿಗಳನ್ನು ಬಿಡುವುದಿಲ್ಲವೇ ಎಂದು. ಅನುಮಾನ ನಿರಾಧಾರವಲ್ಲ, ಅಂಥ ವಾದವನ್ನು ಮುಂದಿಡುವ ಗುತ್ತಿಗೆದಾರರಿಗೆ ಕೊರತೆಯಿಲ್ಲ. ಶೋಧಕವು ಭೂಕುಸಿತವನ್ನು ತಡೆಯುವುದಿಲ್ಲ, ಆನೆಯ ದಾರಿಯನ್ನು ತೆರೆಯುವುದಿಲ್ಲ. ಆದರೆ ರಸ್ತೆಯ ಮೇಲಿನ ಹೋರಾಟ ಇತ್ಯರ್ಥವಾಗುವವರೆಗೆ ರಸ್ತೆಬದಿಯ ಮನೆಯ ಕೂಸು ಉಸಿರು ಹಿಡಿದುಕೊಂಡಿರಲಾರದು. ಹೊಗೆಯನ್ನು ವಾದದ ಅಸ್ತ್ರವಾಗಿ ಉಳಿಸಿಕೊಳ್ಳಲು ಹೊಗೆಯನ್ನೇ ಉಳಿಸಿಕೊಳ್ಳುವುದು ಯಾವ ಪರಿಸರ ನೀತಿ?

ಹೆಚ್ಚು ಕಠಿಣವಾದ ಪ್ರಶ್ನೆ ಹಣದ್ದು. ಒಂದು ಅಥವಾ ಎರಡು ಲಾರಿ ಇಟ್ಟುಕೊಂಡು, ಸಾಲದ ಕಂತು ಕಟ್ಟುತ್ತಾ, ಹಿಂದಿರುಗುವ ಬಾಡಿಗೆಗಾಗಿ ಏಜೆಂಟನ ಬಾಗಿಲು ಕಾಯುವ ಮಾಲೀಕನಿಗೆ ಶೋಧಕದ ಖರ್ಚು ನಿಜಕ್ಕೂ ಭಾರ. ಅವನನ್ನು ಪರಿಸರದ್ರೋಹಿಯೆಂದು ಬೈದರೆ ಬೈದವರಿಗೆ ಸಮಾಧಾನವಾದೀತು, ಗಾಳಿ ಶುದ್ಧವಾಗದು. ಬಾಡಿಗೆಯ ದರವನ್ನು ನಿಗದಿ ಮಾಡುವವರು ಕಲ್ಲಿದ್ದಲು, ಖಾದ್ಯತೈಲ, ಅಡುಗೆ ಅನಿಲ, ಕಾಫಿಯನ್ನು ಘಟ್ಟ ಹತ್ತಿಸಿ ಇಳಿಸುವ ದೊಡ್ಡ ಕಂಪನಿಗಳು. ಅವುಗಳ ಸಾಗಣೆ ಟೆಂಡರುಗಳಲ್ಲಿ ಚಾಲಕನ ಲೈಸೆನ್ಸು, ವಿಮೆ, ಅಗ್ನಿಶಾಮಕ ಕೇಳುವಂತೆ ಶೋಧಕದ ಶುಚೀಕರಣದ ದಾಖಲೆಯನ್ನೂ ಕೇಳ‌ಬೇಕು, ಕೇಳಿದ್ದಕ್ಕೆ ತಕ್ಕ ದರವನ್ನೂ ಕೊಡಬೇಕು. ಬಂದರಿನ ಆಡಳಿತ ಟೋಕನ್ ಸಮಯ ಕೊಟ್ಟು ಸರದಿಯ ಸಾಲನ್ನು ಕರಗಿಸಿದರೆ ಅರ್ಧ ಮಸಿ ಹುಟ್ಟುವ ಮೊದಲೇ ನಿಂತೀತು. ಸಕಲೇಶಪುರ, ಪುತ್ತೂರು, ಹಾಸನಗಳ ಲಾರಿ ಮಾಲೀಕರ ಸಂಘಗಳು ಒಟ್ಟುಗೂಡಿ ಒಂದು ಶುಚೀಕರಣ ಯಂತ್ರವನ್ನು ಹೊಂದುವುದು ಅಡಿಕೆ ಬೆಳೆಗಾರರು ಸಹಕಾರ ಸಂಘ ಕಟ್ಟಿಕೊಂಡ ನಾಡಿನಲ್ಲಿ ಅಸಾಧ್ಯವೇನಲ್ಲ.

ಇವುಗಳಲ್ಲಿ ಕೆಲವು ವರ್ಷಗಳ ಕೆಲಸ. ನಿಲುಗಡೆ ಅಂಗಳದ್ದು ಮಾತ್ರ ಈ ಬೇಸಿಗೆಯೊಳಗೇ ಆಗಬಹುದಾದದ್ದು. ಗುಂಡ್ಯದಲ್ಲೂ ಮಾರನಹಳ್ಳಿಯ ಮೇಲೂ ಹೆದ್ದಾರಿಯ ಪಕ್ಕ ಲಾರಿಗಳು ಈಗಾಗಲೇ ನಿಲ್ಲುವ ಜಾಗಗಳಿವೆ. ಅವುಗಳ ಸುತ್ತಲಿನ ತರಗೆಲೆಯನ್ನು ಡಿಸೆಂಬರ್ ಮುಗಿಯುವ ಮೊದಲು ಹತ್ತು ಮೀಟರ್ ಅಗಲಕ್ಕೆ ಗುಡಿಸಿ, ‘ಫಿಲ್ಟರ್ ರೀಜನರೇಷನ್ ಇಲ್ಲಿ ಮಾತ್ರ’ ಎಂಬ ಫಲಕವನ್ನು ಕನ್ನಡ, ತಮಿಳು, ಹಿಂದಿಗಳಲ್ಲಿ ನೆಟ್ಟು, ಎರಡು ಪೀಪಾಯಿ ನೀರು ಇರಿಸುವುದಕ್ಕೆ ಅರಣ್ಯ ಇಲಾಖೆ, ಹೆದ್ದಾರಿ ಪ್ರಾಧಿಕಾರ ಮತ್ತು ಗ್ರಾಮ ಪಂಚಾಯತಿ ಒಂದು ಸಲ ಜೊತೆಯಾಗಿ ಸ್ಥಳಕ್ಕೆ ಬಂದರೆ ಸಾಕು.